ಕಳುಹಿಸುವುದು ಸುಲಭ, ಕೇಳಿಸಿಕೊಳ್ಳುವುದು ಕಷ್ಟ: ಪುಟ್ಟ ಚಿಪ್ ಮೇಲೆ ಬರಿಯ ಈಥರ್ನೆಟ್

ಡಬ್ಲ್ಯು5500 ಎಂಬ ಈಥರ್ನೆಟ್ ಚಿಪ್ ಹೆಸರು ಮಾಡಿರುವುದು ಅದರೊಳಗೆ ಸಿಲಿಕಾನ್‌ನಲ್ಲೇ ಅಳವಡಿಸಿರುವ ಟಿಸಿಪಿ/ಐಪಿಯಿಂದ, ಅಂದರೆ ಅಂತರ್ಜಾಲದ ಮಾತುಕತೆಯ ನಿಯಮಗಳಿಂದ. 48 ಕಾಲುಗಳ ಈ ಪುಟ್ಟ ವಸ್ತುವನ್ನು ಚಿಪ್ಪುಗಳ ನಡುವೆ ಬಿಟ್ಟುಗಳನ್ನು ಸಾಗಿಸುವ ಎಸ್‌ಪಿಐ ತಂತಿಗಳ ಮೂಲಕ ಮೈಕ್ರೋಕಂಟ್ರೋಲರಿಗೆ ಜೋಡಿಸಿ, ಐಪಿ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ರಿಜಿಸ್ಟರುಗಳಿಗೆ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಖಾನೆಗಳಿಗೆ) ಬರೆದರೆ ಸಾಕು. ಸಂಪರ್ಕ ಬೆಳೆಸುವುದು, ಕಳೆದುಹೋದದ್ದನ್ನು ಮತ್ತೆ ಕಳುಹಿಸುವುದು, ‘ಈ ಐಪಿ ವಿಳಾಸ ಯಾರದು’ ಎಂದು ಕೇಳುವ ಎಆರ್‌ಪಿಗೆ ಉತ್ತರ ಹೇಳುವುದು, ಇವೆಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಒಟ್ಟು 8 ಸಾಕೆಟ್‌ಗಳಿವೆ, ಅಂದರೆ ಒಂದೇ ಸಮಯಕ್ಕೆ 8 ಸಂಪರ್ಕಗಳಿಗೆ ಜಾಗ.

ಆದರೆ ಈ ಚಿಪ್ಪಿಗಾಗಿ ಬರೆದ ಗಟ್ಟಿ ತಂತ್ರಾಂಶಗಳನ್ನು ತೆರೆದು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಈ ಕುಟುಂಬಕ್ಕಿರುವ ಡ್ರೈವರ್ ಆ ಟಿಸಿಪಿಯನ್ನು ಮುಟ್ಟುವುದೇ ಇಲ್ಲ. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬಳಸುವವರಿಗೆ ಪರಿಚಿತವಾದ ಇಎಸ್‌ಪಿ-ಐಡಿಎಫ್ ಎಂಬ ತಂತ್ರಾಂಶದ ಕಟ್ಟಿನಲ್ಲಿರುವ ಡ್ರೈವರ್ ಕೂಡ ಅಷ್ಟೇ. ಎರಡೂ ಮೊದಲನೆಯ ಸಾಕೆಟ್ಟನ್ನು ‘ಮ್ಯಾಕ್‌ರಾ’ ಎಂಬ ಮೋಡ್‌ನಲ್ಲಿ ತೆರೆದು, ಚಿಪ್ಪನ್ನು ಫ್ರೇಮ್ (ಈಥರ್ನೆಟ್ ಮೇಲೆ ಒಟ್ಟಿಗೆ ಹೋಗುವ ಬೈಟುಗಳ ಕಟ್ಟು) ಒಳಗೆ ತರುವ, ಹೊರಗೆ ಬಿಡುವ ಬಾಗಿಲನ್ನಾಗಿ ಮಾತ್ರ ಬಳಸುತ್ತವೆ. ಮಿಕ್ಕ ಬುದ್ಧಿಯೆಲ್ಲ ಮೇಲಿನ ತಂತ್ರಾಂಶದ್ದು. ಹಣ ಕೊಟ್ಟು ತಂದ ಮುಖ್ಯ ಗುಣವನ್ನೇ ಬದಿಗಿಟ್ಟಂತೆ ಇದು ಮೊದಲು ತೋರುತ್ತದೆ. ಒಮ್ಮೆ ಆ ಮೋಡ್‌ನಲ್ಲಿ ಕೆಲಸ ಮಾಡಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ. ಅಚ್ಚಿನಲ್ಲಿ ಎರೆದ ಪ್ರೋಟೋಕಾಲ್ ಬದಲಾಗುವುದಿಲ್ಲ, ಅದಕ್ಕೆ ಐಪಿವಿ6 ಕಲಿಸಲಾಗುವುದಿಲ್ಲ, ಅದರೊಳಗೆ ಏನಾಯಿತೆಂದು ಇಣುಕಿ ನೋಡುವುದೂ ಕಷ್ಟ. ಫ್ರೇಮುಗಳು ಮಾತ್ರ ನಮ್ಮ ಕೈಗೆ ಇದ್ದಂತೆಯೇ ಬರುತ್ತವೆ.

ಐಪಿಯೂ ಬೇಡ, ಅದರ ಮೇಲೆ ಬಿಡಿ ಸಂದೇಶಗಳನ್ನು ಸಾಗಿಸುವ ಯುಡಿಪಿಯೂ ಬೇಡ, ನನ್ನ ಬೈಟುಗಳು ನೇರವಾಗಿ ಈಥರ್ನೆಟ್ ಮೇಲೆಯೇ ಹೋಗಲಿ ಎನ್ನುವವರಿಗೂ ಇದೇ ಬಾಗಿಲು. ಈ ಬರಹ ಅವರಿಗಾಗಿ.

ಈಥರ್ನೆಟ್ ಫ್ರೇಮಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಲುಪಬೇಕಾದವರ ವಿಳಾಸಕ್ಕೆ 6 ಬೈಟು, ಕಳುಹಿಸಿದವರ ವಿಳಾಸಕ್ಕೆ 6 ಬೈಟು, ಒಳಗಿರುವುದು ಯಾವ ಬಗೆಯದು ಎಂಬ ಗುರುತಿಗೆ 2 ಬೈಟು. ಆಮೇಲೆ 46ರಿಂದ 1500 ಬೈಟಿನವರೆಗೆ ಸರಕು, ಕೊನೆಗೆ ಫ್ರೇಮ್ ದಾರಿಯಲ್ಲಿ ಕೆಟ್ಟಿದೆಯೇ ಎಂದು ಪರೀಕ್ಷಿಸಲು 4 ಬೈಟಿನ ಸಿಆರ್‌ಸಿ. 1973ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟತೊಡಗಿದ ಮೊದಲ ಜಾಲದಲ್ಲಿ ವಿಳಾಸಕ್ಕೆ ಒಂದೇ ಬೈಟು ಇತ್ತು, ವೇಗ ಸೆಕೆಂಡಿಗೆ 2.94 ಮೆಗಾಬಿಟ್. 6 ಬೈಟಿನ ವಿಳಾಸ ಬಂದದ್ದು 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂವರೂ ಸೇರಿ 10 ಮೆಗಾಬಿಟ್‌ನ ನಿಯಮಾವಳಿ ಹೊರಡಿಸಿದಾಗ. ಅಂದು ಬರೆದ ತಲೆಬರಹವೇ ಇಂದಿಗೂ ತಂತಿಯ ಮೇಲೆ ಓಡುತ್ತಿದೆ. ತಂತ್ರಜ್ಞಾನದ ಲೋಕದಲ್ಲಿ ಇಷ್ಟು ಕಾಲ ಮುಖ ಬದಲಿಸದೆ ಉಳಿದ ವಸ್ತುಗಳು ಬಹಳ ಇಲ್ಲ.

ವಿಳಾಸದ ವಿಷಯದಲ್ಲಿ ಒಂದು ಮಾತು. ಡಬ್ಲ್ಯು5500 ಆಗಲಿ, ಅದಕ್ಕಿಂತ ಹಳೆಯ ಈಥರ್ನೆಟ್ ಚಿಪ್ ಇಎನ್‌ಸಿ28ಜೆ60 ಆಗಲಿ ಕಾರ್ಖಾನೆಯಿಂದ ಮ್ಯಾಕ್ ವಿಳಾಸ (ಮೇಲೆ ಹೇಳಿದ 6 ಬೈಟಿನ ವಿಳಾಸ) ಹೊತ್ತು ಬರುವುದಿಲ್ಲ, ನಾವೇ ಬರೆಯಬೇಕು. ಮೊದಲ ಬೈಟಿನ ಅತಿ ಕೆಳಗಿನ ಬಿಟ್ 1 ಆಗಿದ್ದರೆ ಅದು ಗುಂಪಿನ ವಿಳಾಸ. ಆದ್ದರಿಂದ ಬೆಸ ಸಂಖ್ಯೆಯಿಂದ ಶುರುವಾಗುವ ವಿಳಾಸವನ್ನು ‘ನನ್ನದು’ ಎಂದು ಹಾಕಿಕೊಂಡು ಕಳುಹಿಸಿದ ಫ್ರೇಮುಗಳನ್ನು ಸ್ವಿಚ್ಚುಗಳು (ಕೇಬಲ್ಲುಗಳನ್ನು ಸೇರಿಸಿ ಫ್ರೇಮುಗಳನ್ನು ಹಂಚುವ ಪೆಟ್ಟಿಗೆಗಳು) ಸುಮ್ಮನೆ ಎಸೆದುಬಿಡಬಹುದು. ಅದರ ಮೇಲಿನ ಬಿಟ್ 1 ಆಗಿದ್ದರೆ ‘ಇದು ನಮ್ಮಲ್ಲೇ ಇಟ್ಟುಕೊಂಡ ವಿಳಾಸ, ಯಾವ ಕಂಪನಿಗೂ ಸೇರಿದ್ದಲ್ಲ’ ಎಂದರ್ಥ. ಹೀಗಾಗಿ ಮೊದಲ ಬೈಟು 02 ಎಂದಿಟ್ಟರೆ ಯಾರೊಂದಿಗೂ ತಕರಾರಿಲ್ಲ. ಆರ್ಡುಯಿನೋ ಉದಾಹರಣೆಗಳಲ್ಲಿ ‘ಡೆಡ್ ಬೀಫ್ ಫೀಡ್’ ಎಂದು ಓದಿಸಿಕೊಳ್ಳುವ ಪ್ರಸಿದ್ಧ ವಿಳಾಸವೊಂದಿದೆ. ತಮಾಷೆಯಂತೆ ಕಂಡರೂ ಅದು ಈ ಎರಡೂ ನಿಯಮಗಳನ್ನು ಪಾಲಿಸುತ್ತದೆ. ತೊಂದರೆ ಬರುವುದು ಒಂದೇ ಜಾಲದಲ್ಲಿ ಇಬ್ಬರು ಅದನ್ನೇ ನಕಲು ಮಾಡಿದಾಗ. ಆಗ ಸ್ವಿಚ್ಚು ಆ ವಿಳಾಸವನ್ನು ಒಮ್ಮೆ ಈ ಪೋರ್ಟಿನಲ್ಲಿ, ಒಮ್ಮೆ ಆ ಪೋರ್ಟಿನಲ್ಲಿ ಬರೆದುಕೊಳ್ಳುತ್ತ ಹೋಗುತ್ತದೆ, ಎರಡು ಬೋರ್ಡುಗಳಿಗೂ ಅರ್ಧಂಬರ್ಧ ಸಂದೇಶ ತಲುಪುತ್ತದೆ.

ಇನ್ನು ಕಳುಹಿಸುವ ಕೆಲಸ. ಸಾಕೆಟ್‌ನ ಮೋಡ್ ರಿಜಿಸ್ಟರಿಗೆ 04 ಬರೆದು, ಆಜ್ಞೆಯ ರಿಜಿಸ್ಟರಿಗೆ ತೆರೆಯುವ ಆಜ್ಞೆ 01 ಕೊಟ್ಟರೆ, ಸ್ಥಿತಿಯ ರಿಜಿಸ್ಟರಿನಲ್ಲಿ ಹೆಕ್ಸ್ (ಹದಿನಾರರ ಎಣಿಕೆಯ) 42 ಕಾಣಿಸಬೇಕು. ಈ ಮೋಡ್ ಇರುವುದು ಸೊನ್ನೆಯನೆಯ, ಅಂದರೆ ಮೊದಲನೆಯ, ಸಾಕೆಟ್ಟಿಗೆ ಮಾತ್ರ. ಚಿಪ್ಪಿನೊಳಗೆ ಕಳುಹಿಸಲು 16, ಪಡೆಯಲು 16, ಹೀಗೆ ಒಟ್ಟು 32 ಕಿಲೋಬೈಟ್ ಬಫರ್ (ಬೈಟುಗಳು ತಾತ್ಕಾಲಿಕವಾಗಿ ಕೂರುವ ಜಾಗ) ಇದೆ. ಆರಂಭದಲ್ಲಿ ಅದು 8 ಸಾಕೆಟ್‌ಗಳಿಗೂ ತಲಾ ಎರಡೆರಡು ಕಿಲೋಬೈಟಿನಂತೆ ಹಂಚಿಹೋಗಿರುತ್ತದೆ. ಬೇರೆ ಸಾಕೆಟ್ ಬೇಡವೆಂದಾದರೆ ಉಳಿದ ಏಳಕ್ಕೂ ಸೊನ್ನೆ ಬರೆದು, ಎಲ್ಲವನ್ನೂ ಮೊದಲನೆಯದಕ್ಕೇ ಕೊಡಬೇಕು. ಈ ಎರಡು ಕಿಲೋಬೈಟಿನ ಹಂಚಿಕೆಯನ್ನು ಹಾಗೆಯೇ ಬಿಟ್ಟರೆ ಪೂರ್ಣ ಗಾತ್ರದ ಫ್ರೇಮ್ ಒಂದೇ ಒಂದು ಹಿಡಿಸುತ್ತದೆ, ಎರಡನೆಯದಕ್ಕೆ ಜಾಗವಿಲ್ಲ.

ಆಮೇಲೆ ಬಫರಿನಲ್ಲಿ ಮುಂದೆ ಬರೆಯಬೇಕಾದ ಸ್ಥಾನವನ್ನು ತೋರಿಸುವ ಪಾಯಿಂಟರ್ ಎಲ್ಲಿದೆ ಎಂದು ಓದಿ, ಅಲ್ಲಿಂದ ಫ್ರೇಮನ್ನು ಸುರಿದು, ಪಾಯಿಂಟರನ್ನು ಮುಂದೆ ಸರಿಸಿ, ಆಜ್ಞೆಯ ರಿಜಿಸ್ಟರಿಗೆ ಹೆಕ್ಸ್ 20 ಬರೆದರೆ ಫ್ರೇಮ್ ಹೊರಟಿತು. ಸಿಆರ್‌ಸಿಯನ್ನು ಚಿಪ್ ತಾನೇ ಸೇರಿಸುತ್ತದೆ. ಹಳೆಯ ಡಬ್ಲ್ಯು5100ರಲ್ಲಿ ಬಫರಿನ ಅಂಚು ಬಂದಾಗ ಸುತ್ತಿ ಮೊದಲಿಗೆ ಹೋಗುವ ಲೆಕ್ಕವನ್ನು ನಾವೇ ಮಾಡಬೇಕಿತ್ತು. 5500ರಲ್ಲಿ 16 ಬಿಟ್ಟಿನ ಪಾಯಿಂಟರ್ ತಾನೇ ಸುತ್ತುತ್ತದೆ. ಕೆಲಸ ಮುಗಿದ ಮೇಲೆ ‘ಕಳುಹಿಸಿದೆ’ ಎಂಬ ಬಿಟ್ ಏಳುತ್ತದೆ. ಚಿಪ್ಪಿನಿಂದ ಹೊರಗೆ ಹೋಯಿತು ಎನ್ನುವುದಷ್ಟೇ ಅದರ ಅರ್ಥ. ಯಾರಿಗಾದರೂ ತಲುಪಿತೇ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಕಳುಹಿಸುವಾಗ ಗಮನಿಸಲೇಬೇಕಾದದ್ದು ಕನಿಷ್ಠ ಗಾತ್ರ. ಸಿಆರ್‌ಸಿ ಸೇರಿ 64 ಬೈಟಿಗಿಂತ ಚಿಕ್ಕ ಫ್ರೇಮ್ ಈಥರ್ನೆಟ್‌ನಲ್ಲಿ ಸಲ್ಲುವುದಿಲ್ಲ. ಇದು ಎಲ್ಲರೂ ಒಂದೇ ಕೇಬಲ್ ಹಂಚಿಕೊಂಡಿದ್ದ ಕಾಲದ ನಿಯಮ. ದೂರದ ಕೊನೆಯಲ್ಲಿ ಡಿಕ್ಕಿಯಾದರೆ ಅದರ ಸುದ್ದಿ ಹಿಂದಿರುಗುವವರೆಗೂ ಕಳುಹಿಸುವವನು ಇನ್ನೂ ಕಳುಹಿಸುತ್ತಲೇ ಇರಬೇಕು. ಹಾಗೆಂದು 10 ಮೆಗಾಬಿಟ್‌ನಲ್ಲಿ 51.2 ಮೈಕ್ರೋಸೆಕೆಂಡು, ಅಂದರೆ 512 ಬಿಟ್ ಕಾಲ ಎಂದು ಗೊತ್ತುಮಾಡಿದರು. 512 ಬಿಟ್ ಎಂದರೆ 64 ಬೈಟು. ಇಂದಿನ ಸ್ವಿಚ್ಚು, ಪೂರ್ಣ ಡ್ಯುಪ್ಲೆಕ್ಸ್ (ಎರಡೂ ದಿಕ್ಕಿಗೆ ಒಮ್ಮೆಲೇ ಮಾತಾಡಬಲ್ಲ) ಕೇಬಲ್ಲುಗಳಲ್ಲಿ ಡಿಕ್ಕಿಯೇ ಇಲ್ಲ, ನಿಯಮ ಮಾತ್ರ ಉಳಿದುಕೊಂಡಿದೆ.

ಆದ್ದರಿಂದ 10 ಬೈಟಿನ ಸಂದೇಶವಿದ್ದರೂ ಸಿಆರ್‌ಸಿ ಬಿಟ್ಟು 60 ಬೈಟಿಗೆ ತುಂಬಬೇಕು. ಇಎನ್‌ಸಿ28ಜೆ60ಯಲ್ಲಿ ಇದಕ್ಕೊಂದು ಆಯ್ಕೆಯಿದೆ, ಹೇಳಿದರೆ ಅದೇ ತುಂಬುತ್ತದೆ. ನಾನಂತೂ ಯಾವ ಚಿಪ್ಪನ್ನೂ ನಂಬದೆ ಸೊನ್ನೆಗಳನ್ನು ಕೈಯಾರೆ ತುಂಬುತ್ತೇನೆ. ಸೊನ್ನೆಯನ್ನೇ ತುಂಬಬೇಕು ಎನ್ನುವುದಕ್ಕೆ ಒಂದು ಹಿನ್ನೆಲೆ ಇದೆ. 2003ರಲ್ಲಿ ‘ಈಥರ್‌ಲೀಕ್’ ಎಂಬ ದೋಷ ಬೆಳಕಿಗೆ ಬಂತು. ಅನೇಕ ಡ್ರೈವರುಗಳು ಚಿಕ್ಕ ಫ್ರೇಮಿನ ಉಳಿದ ಜಾಗವನ್ನು ಅಳಿಸದೆ ಕಳುಹಿಸುತ್ತಿದ್ದವು. ಹಿಂದಿನ ಪ್ಯಾಕೆಟ್‌ನ ತುಣುಕುಗಳೂ ಮೆಮೊರಿಯಲ್ಲಿದ್ದ ಬೇರೇನೋ ಮಾಹಿತಿಯೂ ಆ ಜಾಗದಲ್ಲಿ ಕುಳಿತು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು. ಬಫರನ್ನು ಮತ್ತೆ ಮತ್ತೆ ಬಳಸುವ ಪುಟ್ಟ ಫರ್ಮ್‌ವೇರಿನಲ್ಲಿ ಅದೇ ದೋಷ ಮರುಕಳಿಸಲು ಒಂದು ಸಾಲು ಬಿಟ್ಟುಹೋದರೆ ಸಾಕು.

ಇಲ್ಲಿಯವರೆಗಿನದು ಅರ್ಧ ದಿನದ ಕೆಲಸ. ಮೊದಲ ಫ್ರೇಮ್, ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದ ಪರದೆಯ ಮೇಲೆ ಕಂಡಾಗ ಎಲ್ಲವೂ ಮುಗಿಯಿತೆಂದು ಅನ್ನಿಸುತ್ತದೆ. ನಿಜವಾದ ಕೆಲಸ ಆರಂಭವಾಗುವುದು ಪಡೆಯುವ ಕಡೆಯಲ್ಲಿ. ಯಾವಾಗ ಕಳುಹಿಸಬೇಕೆಂದು ನಿರ್ಧರಿಸುವವರು ನಾವು. ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಯಾರಿಂದ ಬರುತ್ತದೆ ಎನ್ನುವುದು ಯಾವುದೂ ನಮ್ಮ ಕೈಯಲ್ಲಿಲ್ಲ.

ಲೆಕ್ಕ ಹಾಕಿ ನೋಡೋಣ. 100 ಮೆಗಾಬಿಟ್ ತಂತಿಯ ಮೇಲೆ ಪೂರ್ಣ ಗಾತ್ರದ ಫ್ರೇಮ್ 1518 ಬೈಟು. ಮುಂಚಿನ 8 ಬೈಟಿನ ಪೀಠಿಕೆ, ಹಿಂದಿನ 12 ಬೈಟಿನಷ್ಟು ಬಿಡುವು ಸೇರಿ ಸುಮಾರು 123 ಮೈಕ್ರೋಸೆಕೆಂಡಿಗೆ ಒಂದರಂತೆ ಬರಬಹುದು. ಅದನ್ನು 20 ಮೆಗಾಹರ್ಟ್ಸ್ ಎಸ್‌ಪಿಐ ಮೇಲೆ ಚಿಪ್ಪಿನಿಂದ ಓದಿಕೊಳ್ಳಲು 600 ಮೈಕ್ರೋಸೆಕೆಂಡಿಗೂ ಹೆಚ್ಚು ಬೇಕು. ಡೇಟಾಶೀಟಿನಲ್ಲಿ (ತಯಾರಕರ ವಿವರಪತ್ರದಲ್ಲಿ) ಕಾಣುವ 80 ಮೆಗಾಹರ್ಟ್ಸ್ ಸಿಕ್ಕರೂ 151 ಮೈಕ್ರೋಸೆಕೆಂಡು. ಅದೇ ಡೇಟಾಶೀಟನ್ನು ಮುಂದೆ ಓದಿದರೆ ಖಾತರಿ ಕೊಟ್ಟಿರುವುದು 33.3 ಮೆಗಾಹರ್ಟ್ಸ್‌ಗೆ ಮಾತ್ರ ಎಂದು ತಿಳಿಯುತ್ತದೆ. ಅಂದರೆ ತಂತಿ ತುಂಬಿ ಹರಿಯುತ್ತಿದ್ದರೆ ಎಷ್ಟೇ ಚುರುಕಾದ ಪ್ರೋಗ್ರಾಂ ಬರೆದರೂ ನಾವು ಹಿಂದೆ ಬೀಳುವುದು ಖಚಿತ. ತೂಬು ಚಿಕ್ಕದಾಗಿರುವ ಕೆರೆಗೆ ಕೋಡಿ ಬೀಳುವುದು ತಪ್ಪುವುದಿಲ್ಲ. ಎಷ್ಟು ಹೊತ್ತಿಗೆ ಬೀಳುತ್ತದೆ ಎನ್ನುವುದೊಂದೇ ಪ್ರಶ್ನೆ.

ಆ ಹೊತ್ತು ಬಹಳ ಚಿಕ್ಕದು. 60 ಬೈಟಿನ ಫ್ರೇಮುಗಳು, ಪ್ರತಿಯೊಂದಕ್ಕೂ ಚಿಪ್ ಸೇರಿಸುವ 2 ಬೈಟು, ಒಟ್ಟು 62. ಹೀಗೆ 16 ಕಿಲೋಬೈಟಿನಲ್ಲಿ 264 ಹಿಡಿಸುತ್ತವೆ. ಕನಿಷ್ಠ ಗಾತ್ರದ ಫ್ರೇಮುಗಳು ಒಂದರ ಹಿಂದೊಂದು 6.72 ಮೈಕ್ರೋಸೆಕೆಂಡಿಗೆ ಬರಬಲ್ಲವು. ನಾವು ಏನನ್ನೂ ಓದದಿದ್ದರೆ 1.8 ಮಿಲಿಸೆಕೆಂಡಿನಲ್ಲಿ ಬಫರ್ ತುಂಬುತ್ತದೆ. ಒಂದು ಫ್ಲ್ಯಾಶ್ ಪುಟ ಅಳಿಸುವಷ್ಟರಲ್ಲಿ, ಪರದೆಗೆ ಒಂದು ಸಾಲು ಬರೆಯುವಷ್ಟರಲ್ಲಿ ಇದು ಆಗಿಹೋಗಬಹುದು. ವಾಸ್ತವದಲ್ಲಿ ಯಾವ ಜಾಲವೂ ಸದಾ ಹೀಗೆ ತುಂಬಿರುವುದಿಲ್ಲ, ಸರಾಸರಿ ತೀರ ಕಡಿಮೆ. ಫ್ರೇಮುಗಳು ಕಳೆದುಹೋಗುವುದು ಸರಾಸರಿಯಿಂದಲ್ಲ, ಒಂದೇ ಬಾರಿಗೆ ಬಂದೆರಗುವ ಗುಂಪಿನಿಂದ. ಈ ಕಾರಣಕ್ಕೇ ಮೇಜಿನ ಮೇಲೆ ಎರಡು ಬೋರ್ಡುಗಳ ನಡುವೆ ಚೊಕ್ಕವಾಗಿ ನಡೆದ ಪ್ರೋಗ್ರಾಂ, ದೊಡ್ಡ ಕಚೇರಿಯ ಜಾಲಕ್ಕೆ ಸಿಕ್ಕಿಸಿದೊಡನೆ ತೊದಲತೊಡಗುತ್ತದೆ.

ಹಾಗಾದರೆ ಮೊದಲ ಉಪಾಯ ಬೇಡದ್ದನ್ನು ಚಿಪ್ಪಿನ ಹೊಸ್ತಿಲಲ್ಲೇ ತಡೆಯುವುದು. ಮೋಡ್ ರಿಜಿಸ್ಟರಿನ ಅತಿ ಮೇಲಿನ ಬಿಟ್ ಏರಿಸಿದರೆ ನಮ್ಮ ಮ್ಯಾಕ್ ವಿಳಾಸಕ್ಕೆ ಬಂದದ್ದನ್ನೂ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟನ್ನೂ ಬಿಟ್ಟು ಉಳಿದದ್ದನ್ನು ಚಿಪ್ ಒಳಗೆ ಬಿಡುವುದಿಲ್ಲ. ಬ್ರಾಡ್‌ಕಾಸ್ಟ್ ತಡೆಗೆ, ಗುಂಪಿಗೆ ಹೋಗುವ ಮಲ್ಟಿಕಾಸ್ಟ್ ತಡೆಗೆ, ಐಪಿವಿ6 ತಡೆಗೆ ಬೇರೆ ಬೇರೆ ಬಿಟ್‌ಗಳಿವೆ. ನಮ್ಮದೇ ಪ್ರೋಟೋಕಾಲ್ ಮಾತ್ರ ಸಾಕೆನ್ನುವವರು ಎಲ್ಲವನ್ನೂ ಮುಚ್ಚಬಹುದು. ಆದರೆ ಬಗೆಯ ಗುರುತಿನ ಆ 2 ಬೈಟುಗಳನ್ನು ನೋಡಿ ಸೋಸುವ ಸೌಲಭ್ಯ ಇದರಲ್ಲಿಲ್ಲ. ನಮಗೆ ಬೇಕಾದ ಮುಖ್ಯ ಜರಡಿ ಅದೇ ಆಗಿತ್ತು ಎನ್ನುವುದು ನನ್ನ ದೂರು. ಅದನ್ನು ಓದಿಕೊಂಡ ಮೇಲೆ ನಾವೇ ನೋಡಬೇಕು.

ಓದುವ ಕ್ರಮದಲ್ಲೂ ಸೂಕ್ಷ್ಮಗಳಿವೆ. ಎಷ್ಟು ಬೈಟು ಬಂದು ಕುಳಿತಿದೆ ಎಂದು ಹೇಳುವ ರಿಜಿಸ್ಟರು 16 ಬಿಟ್ಟಿನದು, ಎಸ್‌ಪಿಐ ಮೇಲೆ ಅದು ಬೈಟು ಬೈಟಾಗಿ ಬರುತ್ತದೆ. ಮೇಲಿನ ಬೈಟು ಓದಿ ಕೆಳಗಿನದಕ್ಕೆ ಹೋಗುವಷ್ಟರಲ್ಲಿ ಹೊಸ ಫ್ರೇಮ್ ಬಂದರೆ ಎರಡು ಬೇರೆ ಕ್ಷಣಗಳ ಅರ್ಧಗಳನ್ನು ಸೇರಿಸಿದ ಸಂಖ್ಯೆಯೊಂದು ಕೈಗೆ ಸಿಗುತ್ತದೆ. ಅದಕ್ಕೇ ಒಂದೇ ಉತ್ತರ ಎರಡು ಬಾರಿ ಬರುವವರೆಗೂ ಓದಬೇಕು. ಆಮೇಲೆ ಫ್ರೇಮಿನ ಮುಂದಿರುವ 2 ಬೈಟಿನ ಉದ್ದ. ಆ ಉದ್ದದಲ್ಲಿ ಈ 2 ಬೈಟುಗಳೂ ಸೇರಿರುತ್ತವೆ, ಸಿಆರ್‌ಸಿ ಸೇರಿರುವುದಿಲ್ಲ. ಓದಿ ಮುಗಿದ ಮೇಲೆ ಓದುವ ಪಾಯಿಂಟರನ್ನು ಮುಂದೂಡಬೇಕು, ಜೊತೆಗೆ ‘ಪಡೆದೆ’ ಎಂಬ ಆಜ್ಞೆ ಹೆಕ್ಸ್ 40 ಕೊಡಬೇಕು. ಪಾಯಿಂಟರ್ ಬರೆದು ಆಜ್ಞೆ ಕೊಡದಿದ್ದರೆ ಚಿಪ್ಪಿನ ಲೆಕ್ಕದಲ್ಲಿ ಆ ಜಾಗ ಖಾಲಿಯಾಗಿಯೇ ಇಲ್ಲ.

ಎಸ್‌ಪಿಐನ ಪ್ರತಿ ಮಾತಿಗೂ 3 ಬೈಟಿನ ಮುನ್ನುಡಿ ಇದೆ: ವಿಳಾಸಕ್ಕೆ 2, ನಿಯಂತ್ರಣಕ್ಕೆ 1. ಒಂದೊಂದು ಫ್ರೇಮಿಗೂ ಗಾತ್ರ ಕೇಳಿ, ಪಾಯಿಂಟರ್ ಕೇಳಿ, ಉದ್ದ ಕೇಳಿ, ಸರಕು ಓದಿ, ಪಾಯಿಂಟರ್ ಬರೆದು, ಆಜ್ಞೆ ಕೊಟ್ಟು, ಆಜ್ಞೆ ಸ್ವೀಕಾರವಾಯಿತೇ ಎಂದು ನೋಡುವುದರಲ್ಲಿ ಚಿಕ್ಕ ಫ್ರೇಮುಗಳ ಮಟ್ಟಿಗೆ ಸರಕಿಗಿಂತ ಉಪಚಾರವೇ ಭಾರವಾಗುತ್ತದೆ. ಹೀಗಾಗಿ ಬಂದಿರುವುದನ್ನೆಲ್ಲ ಡಿಎಂಎ (ಪ್ರೊಸೆಸರನ್ನು ಕಾಯಿಸದೆ ಬೈಟು ಸಾಗಿಸುವ ವ್ಯವಸ್ಥೆ) ಮೂಲಕ ಒಂದೇ ಉಸಿರಿನಲ್ಲಿ ಮೈಕ್ರೋಕಂಟ್ರೋಲರಿನ ಮೆಮೊರಿಗೆ ಎಳೆದುಕೊಂಡು, ಪಾಯಿಂಟರನ್ನು ಒಮ್ಮೆ ಮಾತ್ರ ಸರಿಸಿ, ಫ್ರೇಮುಗಳನ್ನು ಬಿಡಿಸುವ ಕೆಲಸವನ್ನು ಆಮೇಲೆ ಬಿಡುವಾಗಿ ಮಾಡುವುದು ಲೇಸು. ಮೆಮೊರಿ ಇದ್ದವರಿಗೆ ಮಾತ್ರ ಸಲ್ಲುವ ಸಲಹೆ ಇದು.

ಉದ್ದದ ಸರಪಳಿ ತಪ್ಪಿದರೆ ಏನು ಗತಿ? ಫ್ರೇಮುಗಳ ನಡುವೆ ಬೇರೆ ಯಾವ ಗಡಿಗುರುತೂ ಇಲ್ಲ. ಒಂದು ಉದ್ದವನ್ನು ತಪ್ಪಾಗಿ ಓದಿದರೆ ಮುಂದಿನದೆಲ್ಲ ತಪ್ಪು, ಯಾರದೋ ಸರಕಿನ ನಡುವಿನ 2 ಬೈಟುಗಳು ಉದ್ದವೆಂದು ನಟಿಸುತ್ತವೆ. ಓದಿದ ಉದ್ದ 62ಕ್ಕಿಂತ ಕಡಿಮೆಯೋ 1516ಕ್ಕಿಂತ ಹೆಚ್ಚೋ ಆಗಿದ್ದರೆ, ಸರಿದಾರಿ ಹುಡುಕುವ ಸಾಹಸಕ್ಕೆ ಹೋಗದೆ ಸಾಕೆಟ್ ಮುಚ್ಚಿ ಮತ್ತೆ ತೆರೆಯುವುದೇ ವಿವೇಕ. ಬಫರಿನಲ್ಲಿದ್ದದ್ದು ಹೋಗುತ್ತದೆ, ಹೋಗಲಿ. ಈಥರ್ನೆಟ್ ಎಂದೂ ಎಲ್ಲವನ್ನೂ ತಲುಪಿಸುತ್ತೇನೆಂದು ಮಾತು ಕೊಟ್ಟಿಲ್ಲ.

ಇಎನ್‌ಸಿ28ಜೆ60 ಈ ವಿಷಯದಲ್ಲಿ ಇನ್ನೂ ವಿಚಿತ್ರ ಪ್ರಾಣಿ. 28 ಕಾಲು, 10 ಮೆಗಾಬಿಟ್ ಮಾತ್ರ, 8 ಕಿಲೋಬೈಟ್ ಬಫರ್. ಅದನ್ನು ಕಳುಹಿಸಲು, ಪಡೆಯಲು ಎಂದು ನಾವೇ ಪಾಲು ಮಾಡಬೇಕು. ಇದರಲ್ಲಿ ಅಡಕವಾದ ಟಿಸಿಪಿ ಇಲ್ಲವೇ ಇಲ್ಲ, ಆದ್ದರಿಂದ ಇಲ್ಲಿ ಫ್ರೇಮುಗಳೇ ಸಹಜ ಸ್ಥಿತಿ. ಪ್ರತಿ ಫ್ರೇಮಿನ ಮುಂದೆ 6 ಬೈಟು: ಮುಂದಿನ ಫ್ರೇಮ್ ಎಲ್ಲಿದೆ ಎಂಬುದಕ್ಕೆ 2, ಸ್ಥಿತಿಗೆ 4. ಆ ಸಂಖ್ಯೆಗಳು ಕೆಳಗಿನ ಬೈಟಿನಿಂದ ಶುರುವಾಗುತ್ತವೆ, ಅವುಗಳ ಹಿಂದೆಯೇ ಬರುವ ಈಥರ್ನೆಟ್ ತಲೆಬರಹ ಮೇಲಿನ ಬೈಟಿನಿಂದ. ಉದ್ದದಲ್ಲಿ ಸಿಆರ್‌ಸಿಯೂ ಸೇರಿರುವುದರಿಂದ 4 ಕಳೆಯಬೇಕು. ತಯಾರಕರೇ ಹೊರಡಿಸಿರುವ ದೋಷಪಟ್ಟಿಯ ಪ್ರಕಾರ ಪಡೆಯುವ ಬಫರ್ ಸೊನ್ನೆಯಿಂದಲೇ ಶುರುವಾಗಬೇಕು, ಓದುವ ಪಾಯಿಂಟರಿಗೆ ಬೆಸ ಸಂಖ್ಯೆಯನ್ನೇ ಬರೆಯಬೇಕು. ಡೇಟಾಶೀಟ್ ಮಾತ್ರ ಓದಿ, ದೋಷಪಟ್ಟಿ ಓದದೆ ಈ ಚಿಪ್ಪಿಗೆ ಡ್ರೈವರ್ ಬರೆಯಬಾರದು.

ಅದಕ್ಕೆ ಸ್ವಯಂ ಹೊಂದಾಣಿಕೆಯೂ (ಎದುರಿನವರೊಡನೆ ವೇಗ, ಡ್ಯುಪ್ಲೆಕ್ಸ್ ಗೊತ್ತುಮಾಡಿಕೊಳ್ಳುವುದು) ಗೊತ್ತಿಲ್ಲ. ಎದುರಿನ ಸ್ವಿಚ್ಚು ಇದರ ಸಂಕೇತ ನೋಡಿ 10 ಮೆಗಾಬಿಟ್, ಅರ್ಧ ಡ್ಯುಪ್ಲೆಕ್ಸ್ ಎಂದು ತೀರ್ಮಾನಿಸುತ್ತದೆ. ನಾವು ವೇಗದಾಸೆಗೆ ಚಿಪ್ಪನ್ನು ಪೂರ್ಣ ಡ್ಯುಪ್ಲೆಕ್ಸ್‌ಗೆ ಇಟ್ಟರೆ ಇಬ್ಬರೂ ಬೇರೆ ಬೇರೆ ಕಟ್ಟಳೆಯಲ್ಲಿ ಮಾತಾಡತೊಡಗುತ್ತಾರೆ. ಪಿಂಗ್ ಸಲೀಸಾಗಿ ನಡೆಯುತ್ತದೆ, ಸಂಚಾರ ಹೆಚ್ಚಿದಾಗ ಮಾತ್ರ ಫ್ರೇಮುಗಳು ಮಾಯವಾಗುತ್ತವೆ. ಪತ್ತೆ ಹಚ್ಚಲು ಇದಕ್ಕಿಂತ ಹಟಮಾರಿಯಾದ ದೋಷ ಕಡಿಮೆ.

ಸ್ವಿಚ್ಚಿನ ನಡತೆ ಗೊತ್ತಿರುವುದೂ ಒಳ್ಳೆಯದು. ಅದು ಕಲಿಯುವುದು ಕಳುಹಿಸಿದವರ ವಿಳಾಸದಿಂದ. ಏನನ್ನೂ ಕಳುಹಿಸದೆ ಕೇಳುತ್ತ ಮಾತ್ರ ಕೂರುವ ಸಾಧನ ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಆದ್ದರಿಂದ ಆ ವಿಳಾಸಕ್ಕೆ ಬಂದದ್ದನ್ನೆಲ್ಲ ಪ್ರತಿ ಪೋರ್ಟಿಗೂ ಹಂಚುತ್ತದೆ. ಒಮ್ಮೆ ಕಲಿತದ್ದನ್ನೂ ಸಾಮಾನ್ಯವಾಗಿ 300 ಸೆಕೆಂಡಿನಲ್ಲಿ ಮರೆಯುತ್ತದೆ. ಎಆರ್‌ಪಿಯಂಥ ಮಾತುಕತೆ ಇರುವ ಜಾಲದಲ್ಲಿ ಇದು ತಾನಾಗಿ ಸರಿಹೋಗುತ್ತಿತ್ತು. ಬರಿಯ ಈಥರ್ನೆಟ್‌ನಲ್ಲಿ ಆಗಾಗ ‘ನಾನಿದ್ದೇನೆ’ ಎನ್ನುವ ಫ್ರೇಮನ್ನು ನಾವೇ ಕಳುಹಿಸಬೇಕು.

ಪರೀಕ್ಷಿಸಲು ಲಿನಕ್ಸ್ ಯಂತ್ರವೊಂದು ಸಾಕು. ಫ್ರೇಮುಗಳನ್ನು ನೇರವಾಗಿ ಕಳುಹಿಸಿ ಪಡೆಯುವ ‘ಪ್ಯಾಕೆಟ್ ಸಾಕೆಟ್’ ತೆರೆಯುವ ಅನುಮತಿ ಇದ್ದರೆ ಕೆಲವೇ ಸಾಲುಗಳಲ್ಲಿ ಎದುರು ಪಕ್ಷ ತಯಾರು. ಆದರೆ ಪರದೆಯ ಮೇಲೆ ಕಂಡದ್ದನ್ನೆಲ್ಲ ತಂತಿಯ ಮೇಲಿನದೆಂದು ನಂಬಬಾರದು. ಆ ಯಂತ್ರ ಕಳುಹಿಸಿದ ಎಆರ್‌ಪಿ ವೈರ್‌ಶಾರ್ಕ್‌ನಲ್ಲಿ 42 ಬೈಟಿನದಾಗಿ ಕಾಣುತ್ತದೆ, ಏಕೆಂದರೆ ನೆಟ್‌ವರ್ಕ್ ಕಾರ್ಡ್ ಅದನ್ನು 60ಕ್ಕೆ ತುಂಬುವ ಮೊದಲೇ ಚಿತ್ರ ತೆಗೆದಾಗಿರುತ್ತದೆ. ಸಿಆರ್‌ಸಿ ಕೆಟ್ಟ ಫ್ರೇಮುಗಳು ಪರದೆಗೆ ಬರುವುದೇ ಇಲ್ಲ, ಕಾರ್ಡ್ ಅವನ್ನು ಅಲ್ಲೇ ಎಸೆಯುತ್ತದೆ. ಅವುಗಳ ಸುಳಿವು ಸಿಗುವುದು ಲಿನಕ್ಸ್‌ನ ಈಥ್‌ಟೂಲ್ ಎಂಬ ಉಪಕರಣ ತೋರಿಸುವ ಲೆಕ್ಕಗಳಲ್ಲಿ.

ಇಷ್ಟೆಲ್ಲ ಪಾಡು ಯಾಕೆ, ಯುಡಿಪಿ ಬಳಸಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಐಪಿಗೆ 20, ಯುಡಿಪಿಗೆ 8, ಒಟ್ಟು 28 ಬೈಟಿನ ಬೆಲೆಗೆ ರೂಟರ್ ದಾಟುವ ಶಕ್ತಿ, ಪೋರ್ಟುಗಳು, ಯಾವ ಭಾಷೆಯಲ್ಲೂ ಸಿಗುವ ಲೈಬ್ರರಿಗಳು ಬರುತ್ತವೆ. ಚಿಕ್ಕ ಸಂದೇಶವಾದರೆ ಆ 28 ಬೈಟುಗಳು ಹೇಗೂ ಸೊನ್ನೆ ತುಂಬುವ ಜಾಗದಲ್ಲೇ ಹಿಡಿಸುತ್ತವೆ, ಉಳಿತಾಯವೇ ಇಲ್ಲ. ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಯುಡಿಪಿಯೇ ಸರಿ ಎನ್ನುತ್ತೇನೆ. ಹತ್ತನೆಯದು ಕಾರ್ಖಾನೆಯ ಯಂತ್ರಗಳದ್ದು, ಒಂದೇ ಪೆಟ್ಟಿಗೆಯೊಳಗಿನ ಎರಡು ಬೋರ್ಡುಗಳದ್ದು, ಕಾಲದ ಲೆಕ್ಕ ಬಿಗಿಯಾಗಿರುವ ಕಡೆಯದ್ದು. ಈಥರ್‌ಕ್ಯಾಟ್, ಪ್ರೊಫಿನೆಟ್‌ನ ತ್ವರಿತ ಸಂದೇಶಗಳು, ವಿದ್ಯುತ್ ಉಪಕೇಂದ್ರಗಳ ಗೂಸ್ ಸಂದೇಶಗಳು ಎಲ್ಲವೂ ಐಪಿ ಇಲ್ಲದೆ ನೇರ ಫ್ರೇಮಿನಲ್ಲೇ ಹೋಗುತ್ತವೆ. ಅವುಗಳಿಗೆ ತಮ್ಮದೇ ಗುರುತುಗಳಿವೆ, ಪ್ರೊಫಿನೆಟ್‌ಗೆ ಹೆಕ್ಸ್ 8892. ನಮ್ಮ ನಿಮ್ಮಂಥವರ ಪ್ರಯೋಗಕ್ಕೆಂದು 88ಬಿ5 ಮತ್ತು 88ಬಿ6 ಎಂಬ ಎರಡನ್ನು ಮೀಸಲಿಟ್ಟಿದ್ದಾರೆ. ಮನಸ್ಸಿಗೆ ಬಂದ ಸಂಖ್ಯೆ ಹಾಕುವ ಬದಲು ಇವನ್ನೇ ಬಳಸಬೇಕು. ಅದರಲ್ಲೂ ಹೆಕ್ಸ್ 0600ಕ್ಕಿಂತ ಚಿಕ್ಕ ಸಂಖ್ಯೆ ಹಾಕಿದರೆ ಎದುರಿನವರು ಅದನ್ನು ಗುರುತು ಎಂದಲ್ಲ, ಉದ್ದ ಎಂದು ಓದುತ್ತಾರೆ.

ಆ ಎರಡು ಬೈಟುಗಳ ನಂತರ ನಾನು ಇಡುವ ಮೊದಲ ಬೈಟು ಪ್ರೋಟೋಕಾಲಿನ ಆವೃತ್ತಿ, ಆಮೇಲೆ 16 ಬಿಟ್ಟಿನ ಕ್ರಮಸಂಖ್ಯೆ, ಆಮೇಲೆ ನಿಜವಾದ ಸರಕಿನ ಉದ್ದ. ಉದ್ದ ಇಲ್ಲದಿದ್ದರೆ ಸರಕೆಲ್ಲಿ ಮುಗಿಯಿತು, ತುಂಬಿದ ಸೊನ್ನೆ ಎಲ್ಲಿ ಶುರುವಾಯಿತು ಎಂದು ಪಡೆದವರಿಗೆ ತಿಳಿಯುವುದಿಲ್ಲ. ಕ್ರಮಸಂಖ್ಯೆ ಇರುವುದು ಕಳೆದದ್ದನ್ನು ಮತ್ತೆ ಕೇಳಿ ತರಿಸುವುದಕ್ಕಲ್ಲ, ಎಷ್ಟು ಕಳೆಯಿತೆಂದು ಎಣಿಸುವುದಕ್ಕೆ. ಆ ಎಣಿಕೆಯನ್ನೂ ಸಾಕೆಟ್ ಮುಚ್ಚಿ ತೆರೆದ ಎಣಿಕೆಯನ್ನೂ ಫರ್ಮ್‌ವೇರ್ ಆಗಾಗ ತನ್ನ ಫ್ರೇಮಿನಲ್ಲೇ ಸೇರಿಸಿ ಕಳುಹಿಸುತ್ತಿದ್ದರೆ, ಬಫರ್ ಉಕ್ಕುತ್ತಿದೆಯೋ ಕೇಬಲ್ ಕೆಟ್ಟಿದೆಯೋ ಎಂದು ಬೋರ್ಡಿನ ಪೆಟ್ಟಿಗೆ ಬಿಚ್ಚದೆ ಹೇಳಬಹುದು. ಎರಡೂ ಎಣಿಕೆಗಳು ಒಟ್ಟಿಗೆ ಏರುತ್ತಿದ್ದರೆ ದೋಷ ನಮ್ಮ ಓದುವ ಕ್ರಮದಲ್ಲಿದೆ. ಮೊದಲನೆಯದು ಮಾತ್ರ ಏರುತ್ತಿದ್ದು ಸ್ವಿಚ್ಚಿನ ಸಿಆರ್‌ಸಿ ಲೆಕ್ಕವೂ ಅದರ ಜೊತೆಗೆ ಏರುತ್ತಿದ್ದರೆ ಕೇಬಲ್ ಬದಲಿಸಿ ನೋಡಬೇಕು.